ಸಾಕ್ಷಿ ಗಟ್ಟಿ ಇಲ್ಲದ ಮಾಣಿಕಪ್ಪ

ಹೋದ ಭಾನುವಾರ ಮಗಳು ತಾನು ಹೊಸದಾಗಿ ಹಿಡಿದ ದೊಡ್ಡ ಚರ್ಚಿಗೆ ನನ್ನನ್ನೂ ಕರಕೊಂಡು ಹೋಗಿದ್ದಳು. ಒಳಗೆ ತಣ್ಣನೆ ಏಸಿ, ಕುರ್ಚಿಗೆಲ್ಲ ಮೆತ್ತೆ, ಗಾಡಿ ಸಾಲಾಗಿ ನಿಲ್ಲಿಸಲು ಸೀಟಿ ಊದುವ ವಾಚ್‌ಮನ್. ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿದ್ದೇ ತಡ, ಹಲ್ಲೆಲ್ಲ ಕಾಣುವಂತೆ ನಕ್ಕು, ಕೇಳದೆ ಮಾಡದೆ ನನ್ನ ಸೆರಗಿನ ಮೇಲೆ ಒಂದು ಹಳದಿ ಬಿಲ್ಲೆ ಅಂಟಿಸಿಬಿಟ್ಟಳು. ಕನ್ನಡಕ ಏರಿಸಿ ಓದಿದೆ. 'ಐ ಆಮ್ ನ್ಯೂ ಹಿಯರ್' ಅಂತ ಬರೆದಿತ್ತು.

ನೀವೇ ಹೇಳ್ರಿ, ಇದಕ್ಕೇನು ಅನ್ನೋಣ? ತೊಟ್ಟಿಲಲ್ಲಿದ್ದಾಗಲೇ ದೀಕ್ಷಾಸ್ನಾನ ಆದವಳು ನಾನು. ನಮ್ಮಜ್ಜ ಗದಗಿನ ಕಡೆ ಊರೂರು ಅಡ್ಡಾಡಿ ಸುವಾರ್ತೆ ಸಾರಿದವನು. ಹಲ್ಲು ಅರ್ಧ ಉದುರಿ, ಮೊಣಕಾಲು ಎರಡೂ ಮುಷ್ಕರ ಹೂಡಿದ ಮೇಲೆ ನಾನು ಯೇಸುಸ್ವಾಮಿಗೆ ಹೊಸಬಳಾದೆ. ಮೇಲಾಗಿ ಆ ಬಿಲ್ಲೆಯ ಅಂಟು ಸಾಮಾನ್ಯ ಅಂಟಲ್ಲ. ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿದೆ, ಬಿಸಿ ಇಸ್ತ್ರಿ ಒತ್ತಿದೆ, ಉಗುರಿನಿಂದ ಕೆರೆದೆ. ನನ್ನ ಚೊಲೋ ನಾರಾಯಣಪೇಟೆ ಸೀರೆಯ ಮೇಲೆ ದುಂಡನೆ ಕಲೆ ಉಳಿಯಿತೇ ಹೊರತು ಮತ್ತೇನೂ ಆಗಲಿಲ್ಲ. ಹಾಗೆ ಕೆರೆಯುತ್ತ ಕೂತಾಗಲೇ ಮಾಣಿಕಪ್ಪ ನೆನಪಾದದ್ದು.

ಮಾಣಿಕಪ್ಪ ಯಾರು ಅನ್ನುವ ಮೊದಲು ನಮ್ಮ ಸಭೆಯ ಕತೆ ಹೇಳಬೇಕು. ನಾನು ಆಗ ಡಿಗ್ರಿ ಓದುತ್ತಿದ್ದೆ. ಅಪ್ಪನ ನೌಕರಿ ರಾಯಚೂರಿನಲ್ಲಿ. ನನ್ನನ್ನು ಓದಿಗೆಂದು ಹೈದರಾಬಾದಿನಲ್ಲಿ, ಹಿಮಾಯತ್‌ನಗರದ ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ನಾಂಪಲ್ಲಿಯ ಒಂದು ಗಲ್ಲಿಯಲ್ಲಿ ತೆಲುಗಿನವರ ದೊಡ್ಡ ಚರ್ಚು, ಅದರ ಬೆನ್ನಿಗೆ ಅಂಟಿಕೊಂಡ ಒಂದು ಹಳೇ ಹಾಲು. ಆ ಹಾಲಿನಲ್ಲಿ ಭಾನುವಾರ ನಮ್ಮ ಕನ್ನಡ ಸಭೆ. ಬೀದರ, ರಾಯಚೂರು, ಗದಗ, ಗುಲ್ಬರ್ಗಾ ಕಡೆಯ ಕೆಲವು ಮನೆತನಗಳು, ಅಷ್ಟೇ. ನಾವೆಲ್ಲ ವಾರವಿಡೀ ಬಸ್ಸಿನಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು ಮಾತಾಡಿ ನಾಲಗೆ ದಣಿಸಿಕೊಂಡು ಬರುತ್ತಿದ್ದೆವು. ಭಾನುವಾರ ಆ ಹಾಲಿನೊಳಗೆ ಕಾಲಿಟ್ಟ ಕೂಡಲೇ ಮೊದಲು ಕನ್ನಡದಲ್ಲಿ ಒಂದಿಷ್ಟು ಜಗಳಾಡಿ, ಆಮೇಲೆ ಪ್ರಾರ್ಥನೆಗೆ ಕೂಡುತ್ತಿದ್ದೆವು.

ಇಂಥ ಸಭೆಗೆ ಹೊಸ ಮುಖ ಅಂದರೆ ಹಬ್ಬ. ಒಂದೋ ಯಾರಿಗಾದರೂ ಕೂಸು ಹುಟ್ಟಬೇಕು, ಇಲ್ಲವೇ ಯಾರಾದರೂ ಬೀದರದಿಂದ ವರ್ಗವಾಗಿ ಬರಬೇಕು. ಬೇರೆ ದಾರಿಯಿಂದ ಯಾರೂ ಬರುತ್ತಿರಲಿಲ್ಲ. ಇದನ್ನು ಮನಸ್ಸಿಗೆ ಹಚ್ಚಿಕೊಂಡವನು ದಾನಿಯೇಲಪ್ಪ ಕಾಕಾ. ನಮ್ಮ ಸಭೆಯ ಹಿರಿಯ. ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಟಿಕೆಟ್ ಇಲ್ಲದವರನ್ನು ಡಬ್ಬಿಯಿಂದ ಇಳಿಸಿ ಇಳಿಸಿ ಬೇಸತ್ತು, ಈಗ ಸಿಕ್ಕವರನ್ನೆಲ್ಲ ಪರಲೋಕದ ಗಾಡಿಗೆ ಹತ್ತಿಸಲು ನಿಂತಿದ್ದ.

ಕಾಕಾನ ಸುವಾರ್ತಾ ಸೇವೆ ನಡೆಯುತ್ತಿದ್ದದ್ದು ಜನವರಿಯಲ್ಲಿ, ನಾಂಪಲ್ಲಿಯ ನುಮಾಯಿಷ್ ಅನ್ನುವ ದೊಡ್ಡ ವಸ್ತುಪ್ರದರ್ಶನದಲ್ಲಿ. ಊರಿಗೆ ಊರೇ ಅಲ್ಲಿ ಸೇರುತ್ತಿತ್ತಲ್ಲ. ಆದರೆ ತೊಂದರೆ ಏನೆಂದರೆ ಕಾಕಾನ ಹತ್ತಿರ ಇದ್ದ ಕರಪತ್ರಗಳೆಲ್ಲ ಕನ್ನಡದವು. ಅಷ್ಟು ಗದ್ದಲದಲ್ಲಿ ಕನ್ನಡದವರನ್ನು ಹುಡುಕುವುದು ಹೇಗೆ? ಅದಕ್ಕೊಂದು ಉಪಾಯ ಕಂಡುಹಿಡಿದಿದ್ದ. ರೈಲ್ವೆಯ ಹಳೇ ಬೂಟು ಹಾಕಿಕೊಂಡು ಹೋಗಿ, ಗರ್ದಿಯಲ್ಲಿ ಅಕಸ್ಮಾತ್ ಅನ್ನುವಂತೆ ಒಬ್ಬೊಬ್ಬರ ಕಾಲು ತುಳಿಯುವುದು. 'ವಾಮ್ಮೋ' ಅಂದರೆ ತೆಲುಗಿನವರು, ಮುಂದೆ ನಡೆ. 'ಅಂಧೇ ಹೋ ಕ್ಯಾ' ಅಂದರೆ ಬೇಗ ಬೇಗ ಮುಂದೆ ನಡೆ. 'ಅಯ್ಯ ಯವ್ವಾ' ಅಂದರೆ ನಮ್ಮವರು. ಕೂಡಲೇ ಕ್ಷಮಾಪಣೆ ಕೇಳಿ, ಭುಜ ಸವರಿ, ಕೈಯಲ್ಲಿ ಕರಪತ್ರ ಇಡುವುದು. ನಾನು ಎರಡು ವರ್ಷ ಕರಪತ್ರದ ಚೀಲ ಹೊತ್ತುಕೊಂಡು ಅವನ ಹಿಂದೆ ತಿರುಗಿದ್ದೇನೆ. ಅದು ಸೇವೆಯ ಮೇಲಿನ ಪ್ರೀತಿ ಅಂತ ತಿಳಿಯಬೇಡಿ, ಕಾಕಾ ಕೊನೆಗೆ ಮಿರ್ಚಿ ಭಜ್ಜಿ ಕೊಡಿಸುತ್ತಿದ್ದ. ಒಂದು ಸಲ ಆ ಭಜ್ಜಿ ನಮ್ಮದೇ ಕರಪತ್ರದಲ್ಲಿ ಕಟ್ಟಿಕೊಂಡು ಬಂತು. ಕಾಕಾ ಬೇಜಾರಾಗಲಿಲ್ಲ. ಎಣ್ಣೆ ಹತ್ತಿದ ವಚನವನ್ನು ಭಜ್ಜಿಯವನಿಗೇ ಗಟ್ಟಿಯಾಗಿ ಓದಿ ಹೇಳಿದ.

ಕಾಲು ತುಳಿಸಿಕೊಂಡವರಲ್ಲಿ ಒಬ್ಬಿಬ್ಬರು ಸಭೆಗೆ ಬಂದದ್ದೂ ಉಂಟು. ಆದರೆ ಬಂದವರು ಮತ್ತೆ ಬರುತ್ತಿರಲಿಲ್ಲ. ಅದಕ್ಕೆ ನಮ್ಮ ಸ್ವಾಗತವೇ ಕಾರಣ. ಹೊಸಬರು ಎದ್ದು ನಿಲ್ಲಬೇಕು, ಹಾರ್ಮೋನಿಯಂ ಜೊತೆ ಸ್ವಾಗತದ ಹಾಡು ಪೂರ್ತಿ ಆಗಬೇಕು, ಕೊರಳಿಗೆ ಚೆಂಡುಹೂವಿನ ಹಾರ ಬೀಳಬೇಕು, ಸಭೆಯವರೆಲ್ಲ ಸಾಲಾಗಿ ಬಂದು ಕೈ ಕುಲುಕಬೇಕು. ಕೈ ಕುಲುಕುತ್ತಲೇ ಯಾವೂರು, ಯಾವ ಮನೆತನ, ಪಗಾರ ಎಷ್ಟು, ಹೆಂಡತಿಯ ತವರು ಎಲ್ಲಿ, ಇನ್ನೂ ಯಾಕೆ ಮಕ್ಕಳಾಗಿಲ್ಲ ಎಲ್ಲ ಕೇಳಿ ಮುಗಿಸುತ್ತಿದ್ದರು. ಒಮ್ಮೆ ಒಬ್ಬ ಪಾಪದವನು ನಾಂಪಲ್ಲಿ ಸ್ಟೇಷನ್ನಿಗೆ ದಾರಿ ಕೇಳಲು ಒಳಗೆ ಬಂದ. ಕನ್ನಡದಲ್ಲಿ ಕೇಳಿದ, ಅದೇ ಅವನ ತಪ್ಪು. ಹಾರ, ಹಾಡು, ಕೈಕುಲುಕಾಟ ಎಲ್ಲ ಆಗುವಷ್ಟರಲ್ಲಿ ಅವನ ಗಾಡಿ ಹೊರಟೇ ಹೋಗಿತ್ತು. ಮುಂದಿನ ಗಾಡಿಯ ವೇಳೆ ಕಾಕಾನಿಗೆ ಬಾಯಿಪಾಠ ಇದ್ದದ್ದರಿಂದ, ಅಲ್ಲಿವರೆಗೆ ಊಟಕ್ಕೆ ಕರಕೊಂಡು ಹೋದ.

ಈ ಎಲ್ಲ ಸಂಭ್ರಮದಲ್ಲಿ ಕೈ ಕಟ್ಟಿ, ಮುಖ ಗಂಟು ಹಾಕಿ ಕೂಡುತ್ತಿದ್ದವನು ನಮ್ಮ ದೊಡ್ಡಪ್ಪ. ಹೆಸರು ಸಮಾಧಾನಪ್ಪ. ಹೆಸರಿಟ್ಟವರಿಗೆ ಮುಂದಿನದು ಹೇಗೆ ಗೊತ್ತಾಗಬೇಕು? ಗಂಡಸರ ಕಡೆ ಕೊನೆಯ ಬೆಂಚು ಅವನದು. ಅದರಲ್ಲಿ ಬೇರೆ ಯಾರೂ ಕೂಡುವ ಹಾಗಿಲ್ಲ. ಒಂದು ತುದಿಗೆ ತಾನು, ಇನ್ನೊಂದು ತುದಿಗೆ ಕೊಡೆ, ನಡುವೆ ಬೈಬಲ್ಲು. ಸಭಾಪಾಲಕರು, ಅವರನ್ನು ನಾವು ಅಯ್ನೋರು ಅಂತಿದ್ದೆವು, ಅವರೇ ಬಂದು ಕೂತರೂ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಎಬ್ಬಿಸುತ್ತಿದ್ದ. ಇರುವವರನ್ನೇ ಸಹಿಸಿಕೊಂಡು ಹೋಗುವುದು ಕಷ್ಟವಾಗಿರುವಾಗ ಹೊಸಬರು ಯಾಕೆ ಬೇಕು ಅನ್ನುವುದು ಅವನ ವಾದ.

ಹಿಂಗಿರುವಾಗ ಒಂದು ಭಾನುವಾರ ಅಯ್ನೋರ ಪ್ರಸಂಗದ ನಡುವೆ ನಾನು ಆಕಳಿಸುತ್ತ ಹಿಂದೆ ತಿರುಗಿ ನೋಡಿದರೆ, ದೊಡ್ಡಪ್ಪನ ಬೆಂಚಿನಲ್ಲಿ ಅಪರಿಚಿತ ಮನುಷ್ಯನೊಬ್ಬ ಕೂತಿದ್ದಾನೆ. ಬಿಳೀ ಅಂಗಿ, ಸಣ್ಣ ಮೈಕಟ್ಟು, ತೊಡೆಯ ಮೇಲೆ ಎರಡೂ ಕೈ. ದೊಡ್ಡಪ್ಪ ಗಂಟಲು ಸರಿಮಾಡುತ್ತಿಲ್ಲ, ಅವನನ್ನು ಎಬ್ಬಿಸುತ್ತಿಲ್ಲ. ನನ್ನ ಆಕಳಿಕೆ ಅರ್ಧಕ್ಕೇ ನಿಂತಿತು. ಹೆಂಗಸರ ಕಡೆಯಲ್ಲಿ ಒಬ್ಬರಿಂದ ಒಬ್ಬರಿಗೆ ಮೊಣಕೈ ತಿವಿತ ಹೋಗಿ, ಎಲ್ಲರೂ ಹಿಂದೆ ತಿರುಗಿ ನೋಡಿದರು. ಕಾಕಾ ಮುಂದಿನ ಬೆಂಚಿನಿಂದಲೇ ಆ ಮನುಷ್ಯನ ಕಾಲು ನೋಡುತ್ತಿದ್ದ, ತಾನು ತುಳಿದ ಕಾಲು ಹೌದೋ ಅಲ್ಲವೋ ಅಂತ. ತುಳಿದದ್ದಾಗಿರಲಿಲ್ಲ.

ಅವನೇ ಮಾಣಿಕಪ್ಪ. ಗುಲ್ಬರ್ಗಾ ಕಡೆಯವನು, ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ. ಅವತ್ತು ಅವನಿಗೂ ಹಾರ, ಹಾಡು ಎಲ್ಲ ಆಯಿತು. ಊಟಕ್ಕೆ ಕರೆಯುವುದರಲ್ಲಿ ಜಗಳವಾಗಿ, ಕೊನೆಗೆ ಒಂದೇ ಮಧ್ಯಾಹ್ನ ಮೂರು ಮನೆಯಲ್ಲಿ ಉಣ್ಣಬೇಕು ಅಂತ ತೀರ್ಮಾನವಾಯಿತು. ಮೂರೂ ಮನೆಯವರು ಅವನ ಗೌರವಕ್ಕೆ ಕೋಳಿ ಮಾಡಿದ್ದರು. ಅವನು ಹುಟ್ಟಿದಾಗಿನಿಂದ ತತ್ತಿ ಕೂಡ ಮುಟ್ಟದವನು. ಮೂರೂ ಕಡೆ ಬರೀ ಅನ್ನ, ಉಪ್ಪಿನಕಾಯಿ ತಿಂದು, ಮೂರೂ ಕಡೆ 'ಭಾಳ ಚೊಲೋ ಆಗಿತ್ರಿ' ಅಂತ ಹೇಳಿ ಹೋದ. ಇವನೂ ಇನ್ನು ಬರುವುದಿಲ್ಲ ಅಂತ ನಾವು ತಿಳಿದೆವು. ಮುಂದಿನ ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ. ಬಂದು ದೊಡ್ಡಪ್ಪನ ಬೆಂಚಿನಲ್ಲೇ ಕೂಡುತ್ತಿದ್ದ. ದೊಡ್ಡಪ್ಪ ಮೊದಲು ಬೈಬಲ್ಲು ಎತ್ತಿಕೊಂಡ, ಆಮೇಲೆ ಕೊಡೆಯನ್ನೂ ಕೆಳಗಿಟ್ಟ. ಮನೆಯಲ್ಲಿ ನಾನು ಕೇಳಿದರೆ, 'ಅಂವ ಮಾತಾಡಂಗಿಲ್ಲ, ಅದಕ್ಕ ಇರಲಿ ಅಂತ ಬಿಟ್ಟೀನಿ' ಅಂದ.

ವರ್ಷ ತುಂಬುತ್ತ ಬಂದಾಗ ಮಾಣಿಕಪ್ಪ ತನಗೆ ದೀಕ್ಷಾಸ್ನಾನ ಬೇಕು ಅಂತ ಕೇಳಿದ. ಸಭೆಗೆ ಸಭೆಯೇ ಪುಳಕ. ಆದರೆ ಅಲ್ಲೊಂದು ಪದ್ಧತಿ ಅಡ್ಡ ಇತ್ತು. ದೀಕ್ಷಾಸ್ನಾನಕ್ಕೆ ಮೊದಲು ಹೊಸ ವಿಶ್ವಾಸಿ ಸಭೆಯ ಮುಂದೆ ನಿಂತು ತಾನು ಹೇಗಿದ್ದೆ, ಹೇಗೆ ಬದಲಾದೆ ಅಂತ ಸಾಕ್ಷಿ ಹೇಳಬೇಕು. ನಮ್ಮಲ್ಲಿ ಸಾಕ್ಷಿಯ ಅಳತೆಗೋಲು ಅಂದರೆ ಕಾಕಾನ ಸಾಕ್ಷಿ. ಕುಡಿದ ಅಮಲಿನಲ್ಲಿ ಮೂಸಿ ನದಿಗೆ ಬಿದ್ದು, ಮುಳುಗುತ್ತಿರುವಾಗ ಕರ್ತನನ್ನು ಕೂಗಿ ಬದುಕಿದ ಕತೆ ಅದು. ವರ್ಷಕ್ಕೊಮ್ಮೆ ಹೇಳುತ್ತಿದ್ದ. ನಾನು ಸಣ್ಣವಳಿದ್ದಾಗ ರಜೆಗೆ ಬಂದು ಮೊದಲ ಸಲ ಕೇಳಿದಾಗ ನೀರು ಮೊಣಕಾಲಿನ ತನಕ ಇತ್ತು. ಡಿಗ್ರಿಗೆ ಬರುವ ಹೊತ್ತಿಗೆ ಕಾಕಾ ಪೂರಾ ಮುಳುಗಿ, ಮೀನು ಕಾಣುತ್ತಿದ್ದ. ಹುಟ್ಟಾ ಕ್ರೈಸ್ತರಾದ ನಮ್ಮಂಥವರಿಗೆ ಆ ಕತೆ ಕೇಳಿ ಹೊಟ್ಟೆಕಿಚ್ಚಾಗುತ್ತಿತ್ತು. ನನಗೆ ಹೇಳಿಕೊಳ್ಳಲು ಒಂದು ನೆಟ್ಟಗಿನ ಪಾಪವೂ ಇರಲಿಲ್ಲ. ಪ್ರಸಂಗದ ಹೊತ್ತಿನಲ್ಲಿ ಕಾದಂಬರಿ ಓದಿದ್ದನ್ನು ಹೇಳಲಾ ಅಂತ ಕೇಳಿದರೆ, ಅದರಿಂದ ಯಾರೂ ಅಳುವುದಿಲ್ಲ ಅಂತ ಕಾಕಾ ತಳ್ಳಿಹಾಕಿದ್ದ.

ಹಿರಿಯರು ಮಾಣಿಕಪ್ಪನನ್ನು ಕೂಡಿಸಿಕೊಂಡು ಕೇಳಿದರು. ಅವನು ನೆಲ ನೋಡುತ್ತ, ಬಂದೆ, ಇಲ್ಲಿ ಚೊಲೋ ಅನಿಸಿತು, ಬರಾಕತ್ತೀನಿ ಅಂದ. ಮೊದಲು ಏನು ಕೆಟ್ಟದ್ದು ಮಾಡುತ್ತಿದ್ದೆ ಅಂದರೆ, ಸೀರೆ ಮಡಚುತ್ತಿದ್ದೆ ಅಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಕ್ಷಿ ಗಟ್ಟಿ ಇಲ್ಲ ಅಂತ ಕಾಕಾ ತೀರ್ಪು ಕೊಟ್ಟ. ಇನ್ನೂ ಸ್ವಲ್ಪ ಪ್ರಾರ್ಥನೆ ಮಾಡಲಿ ಅಂತ ಮುಂದಕ್ಕೆ ಹಾಕಿದರು. ಈಸ್ಟರ್ ಹೊತ್ತಿಗೆ ಮತ್ತೆ ಕೇಳಿದರು, ಮತ್ತೆ ಅದೇ ಸೀರೆ. ಮತ್ತೆ ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಮಾಣಿಕಪ್ಪನ ಮನೆಯ ಕಡೆಯಿಂದಲೂ ಒಂದು ಗಡುವು ಬಿತ್ತು. ಅವನ ಹೆಂಡತಿ ಗಂಗಾಬಾಯಿ ಗಟ್ಟಿ ಹೆಂಗಸು. ಗಂಡನನ್ನು ತಡೆದಿರಲಿಲ್ಲ, ತನ್ನ ದೇವರ ಜಗಲಿಯನ್ನೂ ಬಿಟ್ಟಿರಲಿಲ್ಲ. ನಿಮ್ಮ ದೇವರು ನಿಮಗೆ, ನನ್ನ ದೇವರು ನನಗೆ, ಆದರೆ ನನ್ನ ತವರಿನವರ ಮುಂದೆ ತಲೆ ತಗ್ಗಿಸುವ ಹಾಗೆ ಆಗಬಾರದು ಅಂದಿದ್ದಳು. ಆಳಂದದಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಅವಳ ಅಣ್ಣ ಶರಣಪ್ಪನ ಕಿವಿಗೆ ಸುದ್ದಿ ಬಿದ್ದು, ತಾನೇ ಬಂದು ಆ ಸಾಕ್ಷಿಯೋ ಪೀಕ್ಷಿಯೋ ಕೂತು ಕೇಳುತ್ತೇನೆ, ಮರ್ಯಾದಸ್ಥರ ಕೆಲಸ ಅನಿಸಿದರೆ ಬಾಯಿ ಮುಚ್ಚಿಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ತಂಗಿಯನ್ನು ಅವತ್ತಿನ ಗಾಡಿಗೇ ಕರಕೊಂಡು ಹೋಗುತ್ತೇನೆ ಅಂತ ಹೇಳಿ ಕಳಿಸಿದ. ಬರುವ ಭಾನುವಾರವೇ ಬರುತ್ತೇನೆ ಅಂತಲೂ ತಿಳಿಸಿದ. ಹೀಗಾಗಿ ಮಾಣಿಕಪ್ಪನ ಸಂಸಾರ, ಅವನ ದೀಕ್ಷಾಸ್ನಾನ ಎರಡೂ ಅದೊಂದು ಭಾನುವಾರದ ಮೇಲೆ ನಿಂತವು.

ಕಾಕಾ ಸೋಲೊಪ್ಪುವವನಲ್ಲ. ಆ ಭಾನುವಾರ ಇನ್ನೊಂದು ಅವಕಾಶ ಕೊಡಲು ಹಿರಿಯರನ್ನು ಒಪ್ಪಿಸಿದ. ಶನಿವಾರ ಸಂಜೆ ಮಾಣಿಕಪ್ಪನನ್ನು ನಮ್ಮ ಮನೆಯ ಪಡಸಾಲೆಗೆ ಕರೆಸಿ, ಸಾಕ್ಷಿ ಗಟ್ಟಿ ಮಾಡಲು ಕೂತ. ನಾನು ಚಾ ಕೊಡುವ ನೆಪದಲ್ಲಿ ಅಲ್ಲೇ ಉಳಿದೆ. ಸೇಂದಿ ಕುಡಿಯುತ್ತಿದ್ದೆ ಅನ್ನು ಅಂದ ಕಾಕಾ. ವಾಸನೆಗೇ ತಲೆ ನೋಯುತ್ತೆ ಅಂದ ಮಾಣಿಕಪ್ಪ. ಇಸ್ಪೀಟು? ಎಲೆಯ ಗುರುತು ಸಿಗುವುದಿಲ್ಲವಂತೆ. ಹೆಂಡತಿಗೆ ಹೊಡೆಯುತ್ತಿದ್ದೆಯಾ ಅಂತ ಕೇಳಿದ್ದಕ್ಕೆ ಅವನಿಗೆ ನಗು ಬಂತು. ಗಂಗಾಬಾಯಿಯನ್ನು ನೋಡಿದ್ದ ನನಗೂ ನಗು ಬಂತು. ಕೊನೆಗೆ ಕಾಕಾ, ಮಲಕ್‌ಪೇಟೆಯ ಕುದುರೆ ರೇಸು ಇರಲಿ ಅಂದ. ಆಗ ನಾನು ಸುಮ್ಮನಿರಲಾರದೆ, ಕುದುರೆಗೊಂದು ಹೆಸರಿದ್ದರೆ ಚೊಲೋ ಅಂದು, 'ಗೋಲ್ಕೊಂಡಾ ಕ್ವೀನ್' ಅಂತ ಒಂದು ಹೆಸರು ದಾನ ಮಾಡಿದೆ. ಕಾಕಾನಿಗೆ ಭಾಳ ಸೇರಿತು. ಇದು ಸುಳ್ಳಲ್ಲ, ದೇವರ ಮಹಿಮೆಗೆ ಬೇಕಾದಷ್ಟು ಕತ್ತಲು ಹಾಕುವುದು ಅಷ್ಟೇ, ಇಲ್ಲದಿದ್ದರೆ ಬೆಳಕು ಹೇಗೆ ಕಾಣಬೇಕು ಅಂತ ತಿಳಿಹೇಳಿದ. ನಾಳೆ ಇದೂ ಗಟ್ಟಿ ಆಗದಿದ್ದರೆ ಮತ್ತೆ ಹಿರಿಯರನ್ನು ಒಪ್ಪಿಸುವುದು ತನ್ನ ಕೈಲಿಲ್ಲ ಅಂತಲೂ ಅಂದ. ಮಾಣಿಕಪ್ಪ ಎಲ್ಲದಕ್ಕೂ ತಲೆಯಾಡಿಸಿದ.

ಹೋಗುವಾಗ ಬೇಡ ಅಂದರೂ ತನ್ನ ಕಪ್ಪು ತಾನೇ ನಲ್ಲಿಗೆ ಹಿಡಿದು ತೊಳೆಯುತ್ತ, ನನ್ನನ್ನು ಕೇಳಿದ:

"ತಂಗಿ, ಸುಳ್ಳ ಹೇಳಿ ದೇವರ ಮನಿ ಒಳಗ ಹೋದ್ರ, ಒಳಗ ಹೋದಂಗ ಆಗತೈತೇನವಾ?"

ಬೇಕಾದರೆ ಕುದುರೆಯ ಹೆಸರು ಬಿಟ್ಟುಬಿಡಿ ಅಂದೆ.

ಭಾನುವಾರ ಹಾಲು ತುಂಬಿತ್ತು. ಗಂಗಾಬಾಯಿ ತಲೆತುಂಬ ಸೆರಗು ಹೊದ್ದು ನನ್ನ ಪಕ್ಕದಲ್ಲೇ ಕೂತಿದ್ದಳು. ಶರಣಪ್ಪ ಒಳಗೆ ಕೂಡಲು ಒಪ್ಪದೆ ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತಿದ್ದ. ದಪ್ಪ ಮೀಸೆ, ಬಿಳೀ ರುಮಾಲು, ಎದೆಗೆ ಕಟ್ಟಿದ ಕೈ. ನಮ್ಮವರಿಗೆ ಅವನನ್ನೂ ಹಿಡಿದು ಹಾರ ಹಾಕುವ ಮನಸ್ಸು, ಆದರೆ ಮೀಸೆ ನೋಡಿ ಯಾರೂ ಮುಂದಾಗಲಿಲ್ಲ. ಅಯ್ನೋರು ಮಾಣಿಕಪ್ಪನನ್ನು ಕರೆದರು. ಅವನು ಬಂದು ನಿಂತ. ಅಂಗೈಯನ್ನು ಅಂಗಿಗೆ ಒರಸಿಕೊಂಡ. ಕಾಕಾ ಮುಂದಿನ ಬೆಂಚಿನಿಂದ ಹುಬ್ಬು ಹಾರಿಸಿ ಶುರುಮಾಡು ಅಂದ.

"ನಾ ಮೊದಲ ಕುಡೀತಿದ್ದೆ," ಅಂದ ಮಾಣಿಕಪ್ಪ.

ಬಾಗಿಲಲ್ಲಿ ಶರಣಪ್ಪನ ಕೈ ಬಿಚ್ಚಿಕೊಂಡವು. ಗಂಗಾಬಾಯಿ ಎದ್ದು ನಿಲ್ಲಲಿಲ್ಲ, ದನಿಯನ್ನೂ ಏರಿಸಲಿಲ್ಲ. ಮನೆಯಲ್ಲಿ ಕಾಯಿಪಲ್ಯೆ ಏನು ತಂದಿರಿ ಅಂತ ಕೇಳುವ ಹಾಗೆ ಕೇಳಿದಳು.

"ಏನ ಕುಡೀತಿದ್ರಿ?"

ಮಾಣಿಕಪ್ಪ ಅವಳ ಕಡೆ ನೋಡಿದ, ಕಾಕಾನ ಕಡೆ ನೋಡಿದ, ತಲೆ ಕೆಳಗೆ ಹಾಕಿದ.

"ಚಾ," ಅಂದ.

ಹಾಲಿನಲ್ಲಿ ನಗು ಎದ್ದಿತು. ಮಕ್ಕಳು ನಕ್ಕವು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಅಯ್ನೋರು ಬೈಬಲ್ಲಿನ ಹಿಂದೆ ಮುಖ ಮರೆಮಾಡಿಕೊಂಡರು. ಕಾಕಾ ಒಬ್ಬನೇ ಹಣೆ ಹಣೆ ಚಚ್ಚಿಕೊಂಡ. ಗೋಲ್ಕೊಂಡಾ ಕ್ವೀನ್ ಅಲ್ಲಿಗೇ ಸತ್ತಿತು. ನಗು ಇಳಿದ ಮೇಲೆ ಮಾಣಿಕಪ್ಪ ಯಾರ ಕಡೆಗೂ ನೋಡದೆ ಮಾತಾಡಿದ. ಅವನು ಅಷ್ಟೊಂದು ಮಾತಾಡಿದ್ದು ನಾವು ಅದೇ ಮೊದಲು ಕೇಳಿದ್ದು.

"ನಾ ಸೀರಿ ಅಂಗಡ್ಯಾಗ ಇರ್ತೀನ್ರಿ. ಮುಂಜಾನಿಂದ ಸಂಜೀಮಟ ನಿಂತೇ ಇರಬೇಕ್ರಿ. ನಮಗ ಕೂಡಾಕ ಕೊಡಂಗಿಲ್ಲ. ಬಂದೋರಿಗೆಲ್ಲ ಬರ್ರಿ, ಕೂಡ್ರಿ, ನೀರ ಕುಡೀರಿ ಅಂತೀನ್ರಿ. ಈ ಊರಿಗೆ ಬಂದ ಮ್ಯಾಲೆ ನನಗ ಯಾರೂ ಕೂಡು ಅಂದಿದ್ದಿಲ್ರಿ. ಒಂದಿನ ಈ ಗಲ್ಲ್ಯಾಗ ಹೊಂಟಿದ್ದೆ, ಕನ್ನಡ ಹಾಡು ಕೇಳಿಸ್ತು. ಬಾಗಲದಾಗ ನಿಂತೆ. ನಿಂತು ರೂಢಿ ಐತ್ರಿ ನನಗ. ಈ ಹಿರಿಯರು ಹೊಳ್ಳಿ ನೋಡಿದ್ರು. ಏನೂ ಅನಲಿಲ್ಲ. ಬಾಜೂಕ ಸರದು, ಬೆಂಚಿನ ಮ್ಯಾಲೆ ಕೈಲೆ ಹಿಂಗ ಬಡದ್ರು. ನಾ ಬಂದು ಕೂತೆ. ಅಷ್ಟರಿ. ನನ್ನ ಸಾಕ್ಷಿ ಇಷ್ಟ ಐತ್ರಿ."

'ಈ ಹಿರಿಯರು' ಅಂತ ಅವನು ಕೈ ತೋರಿಸಿದ್ದು ನಮ್ಮ ದೊಡ್ಡಪ್ಪನನ್ನು.

ನನ್ನ ಕಣ್ಣಲ್ಲಿ ನೀರು ಬಂದು, ಅದನ್ನು ಮುಚ್ಚಿಕೊಳ್ಳಲು ಹಾಡಿನ ಪುಸ್ತಕ ತಿರುವಿದೆ. ಗಂಗಾಬಾಯಿ ಮಿಸುಕಾಡದೆ ಕೂತಿದ್ದಳು. ಗಂಡ ಮನೆಗೆ ಬಂದ ಕೂಡಲೇ ಗ್ವಾಡೆಗೆ ಒರಗಿ ಕಾಲು ಚಾಚುತ್ತಿದ್ದದ್ದು ಯಾಕೆ ಅಂತ ಅವಳಿಗೆ ಆಗ ತಿಳಿಯಿತಂತೆ, ಆಮೇಲೆ ನನಗೆ ಹೇಳಿದಳು. ಶರಣಪ್ಪ ಬಾಗಿಲು ಬಿಟ್ಟು ಒಳಗೆ ಬಂದ. ಎಲ್ಲಿ ಕೂಡಬೇಕು ಅಂತ ತೋಚದೆ ಸುತ್ತ ನೋಡಿ, ಗಂಡಸರ ಕಡೆ ಜಾಗ ಇದ್ದಲ್ಲಿ ಮೆಲ್ಲಗೆ ಕೂತ. ಅವತ್ತಿನ ಗಾಡಿಗೆ ಅವನೊಬ್ಬನೇ ಹೋದ. ಹಿರಿಯರು ಮತ್ತೆ ಸಭೆ ಸೇರಲಿಲ್ಲ, ಮುಂದಿನ ಭಾನುವಾರವೇ ದೀಕ್ಷಾಸ್ನಾನ ಅಂತ ಅಯ್ನೋರು ಅಲ್ಲೇ ಹೇಳಿಬಿಟ್ಟರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಅವತ್ತಿನಿಂದ ದೊಡ್ಡಪ್ಪನಿಗೆ ಊಟ ಸೇರದಾಯಿತು. ಸಭೆಯವರೆಲ್ಲ ಅವನ ಕೈ ಹಿಡಿದು ಹಿಡಿದು ಹೊಗಳಿದ್ದರು. ಎಷ್ಟು ಕರಪತ್ರ ಹಂಚಿದರೂ ಆಗದ್ದನ್ನು ಸಮಾಧಾನಪ್ಪನವರು ಒಂದು ಅಂಗೈಯಿಂದ ಮಾಡಿದರು ಅಂತ ಅಯ್ನೋರು ಹೇಳಿದ್ದರು. ಕಾಕಾ ಮುಖ ಊದಿಸಿಕೊಂಡಿದ್ದ, ಇಷ್ಟು ವರ್ಷ ಬೂಟು ಸವೆಸಿದ್ದು ತಾನು, ಹೆಸರು ಬಂದದ್ದು ಇವನಿಗೆ ಅಂತ. ದೊಡ್ಡಪ್ಪ ಮಾತ್ರ ಹೊಗಳಿಕೆ ಕೇಳಿದಷ್ಟೂ ಕುಗ್ಗುತ್ತ ಹೋದ. ಬುಧವಾರ ರೊಟ್ಟಿ ತಟ್ಟೆ ಹಿಂದಕ್ಕೆ ತಳ್ಳಿದಾಗ ನಾನು ಬಿಡದೆ ಗಂಟುಬಿದ್ದೆ. ಬಾಯಿ ಬಿಟ್ಟ.

ಮಾಣಿಕಪ್ಪ ಮೊದಲ ಸಲ ಬಂದ ಆ ಭಾನುವಾರ ದೊಡ್ಡಪ್ಪ ಅವನನ್ನು ನೋಡೇ ಇರಲಿಲ್ಲವಂತೆ. ತೆಲುಗಿನವರು ಬೇಡವೆಂದು ನಮಗೆ ಕೊಟ್ಟ ಆ ಹಳೇ ಬೆಂಚುಗಳಲ್ಲಿ ರಕ್ತ ಹೀರುವ ತಗಣಿ ಇದ್ದವು. ಎಲ್ಲರಿಗೂ ಗೊತ್ತಿತ್ತು, ದೇವರ ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಒಂದು ತಗಣಿ ದೊಡ್ಡಪ್ಪನಿಗೆ ಕಚ್ಚಿತು. ಎಲ್ಲಿಂದ ಬಂತು ಅಂತ ಹಿಂದೆ ಹೊರಳಿ ನೋಡಿದ, ಪಕ್ಕಕ್ಕೆ ಸರಿದ, ಅದು ಓಡುವಷ್ಟರಲ್ಲಿ ಅಂಗೈಯಿಂದ ಬಡಿದ. ಏಟು ತಪ್ಪಿತು. ತಲೆ ಎತ್ತುವುದರೊಳಗೆ ಆ ಜಾಗದಲ್ಲಿ ಮಾಣಿಕಪ್ಪ ಬಂದು ಕೂತಿದ್ದ. ಎಬ್ಬಿಸೋಣ ಅಂದರೆ, ತಗಣಿ ಈಗ ಅವನ ಕೆಳಗೆ ಇದೆ, ಎಬ್ಬಿಸಿದರೆ ತನ್ನ ಕಡೆಗೇ ಬರುತ್ತದೆ ಅಂತ ಸುಮ್ಮನಾದ.

ನಾನು ನಕ್ಕು ನಕ್ಕು ಗ್ವಾಡೆ ಹಿಡಿದೆ. ದೊಡ್ಡಪ್ಪ ನಗಲಿಲ್ಲ. ಒಬ್ಬ ಮನುಷ್ಯ ತಗಣಿಯನ್ನು ನಂಬಿ ದೀಕ್ಷಾಸ್ನಾನ ತಗೊಳ್ಳುತ್ತಿದ್ದಾನೆ, ನಾಳೆ ತಿಳಿದರೆ ಅವನ ಗತಿ ಏನು, ಹೇಳದೆ ಇದ್ದರೆ ನನ್ನ ಗತಿ ಏನು ಅಂತ ಅವನ ಸಂಕಟ. ಸುಮ್ಮನಿರಿ, ಏನೂ ಆಗುವುದಿಲ್ಲ ಅಂದೆ. ಕೇಳಲಿಲ್ಲ. ಶನಿವಾರ ಮಧ್ಯಾಹ್ನ ನನ್ನನ್ನು ಕರಕೊಂಡು, ಸೀರೆ ಕೊಡಿಸುತ್ತೇನೆ ಅಂತ ಸುಳ್ಳು ಹೇಳಿ, ಸುಲ್ತಾನ್ ಬಜಾರಿಗೆ ಹೊರಟ.

ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದರು. 'ಬರ್ರಿ, ಕೂಡ್ರಿ' ಅಂತ ಮಾಣಿಕಪ್ಪ ನಮ್ಮಿಬ್ಬರಿಗೂ ಸ್ಟೂಲು ಸರಿಸಿ, ನೀರು ತರಿಸಿ, ತಾನು ಮೇಜಿನ ಹಿಂದೆ ಹೋಗಿ ನಿಂತ. ಕೌಂಟರಿನ ಆ ತುದಿಯಲ್ಲಿ ಸೇಟು ಕಣ್ಣಿಟ್ಟು ಕೂತಿದ್ದ. ಅದಕ್ಕೇ ಮಾಣಿಕಪ್ಪ ಒಂದು ಸೀರೆ ಬಿಡಿಸಿ ಮತ್ತೆ ಮಡಚುತ್ತಲೇ ಮಾತು ಕೇಳಿದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಬೆವರು ಒರಸಿಕೊಂಡು, ತಗಣಿಯ ಕತೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದ. ಏಟು ತಪ್ಪಿದ್ದನ್ನೂ ಬಿಡಲಿಲ್ಲ. ನಾನು ನಗು ಮರೆತು ಮಾಣಿಕಪ್ಪನ ಕೈ ನೋಡುತ್ತಿದ್ದೆ. ಕೈ ನಿಲ್ಲಲಿಲ್ಲ, ಸೆರಗಿನ ಅಂಚಿಗೆ ಅಂಚು ಕೂಡಿಸಿ ಮಡಚುತ್ತಲೇ ಇತ್ತು.

"ಗೊತ್ತೈತ್ರಿ," ಅಂದ ಅವನು. "ನನಗೂ ಕಡೀತ್ರಿ ಅದು. ಕಡೀತನಾ ಇತ್ತು. ಎದ್ದನೆಂದ್ರ ಮತ್ತ ಯಾರರ ಕೂಡು ಅಂತಾರೋ ಇಲ್ಲೋ ಅಂತ, ಕೂತೇ ಇದ್ದೆ."

ದೊಡ್ಡಪ್ಪ ಸೇಟಿನ ಕಡೆ ತಿರುಗಿ, ಊರವರೆಲ್ಲ ಹೆದರುವ ತನ್ನ ಹಳೇ ದನಿ ತೆಗೆದು, ಈ ಊರಿನ ಹಿಂದಿಯಲ್ಲಿ ಜಬರಿಸಿದ. ತಲೆ ಎತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದುಹೋಗಿದೆ, ಸೀರೆ ತೋರಿಸುವುದಾದರೆ ಈ ಮನುಷ್ಯ ನನ್ನ ಎದುರಿಗೆ ಸ್ಟೂಲಿನ ಮೇಲೆ ಕೂತು ತೋರಿಸಲಿ, ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ ಅಂದ. ಗಿರಾಕಿ ಕೈತಪ್ಪಿ ಹೋದಾನು ಅಂತ ಸೇಟು ಗೊಣಗುತ್ತ ಹೂಂ ಅಂದ. ಮಾಣಿಕಪ್ಪ ಮೇಜಿನ ಈಚೆ ಬಂದು ನಮ್ಮ ಎದುರಿಗೆ ಕೂತ. ಕೂತು ಸೀರೆ ಬಿಡಿಸಿ ಅಭ್ಯಾಸವಿಲ್ಲದೆ, ಬಿಡಿಸಿದ್ದೆಲ್ಲ ಅವನ ತೊಡೆಯ ಮೇಲೇ ರಾಶಿ ಬೀಳತೊಡಗಿತು. ದೊಡ್ಡಪ್ಪ ಒಂದನ್ನೂ ಕೊಳ್ಳಲಿಲ್ಲ. ಇದರ ಅಂಚು ಬೇಡ, ಅದರ ಸೆರಗು ಬೇಡ, ಮತ್ತೊಂದು ತೋರಿಸು, ಇನ್ನೊಂದು ತೋರಿಸು ಅನ್ನುತ್ತ, ಅಂಗಡಿಯ ಬಾಗಿಲು ಎಳೆಯುವ ತನಕ ಅವನನ್ನು ಏಳಗೊಡಲಿಲ್ಲ.